ಆಚೆ ಪೇಪರಿನ ತಪ್ಪುಗಳು

ನಮ್ಮ ಭಾವನಿಗೆ ಇಡೀ ಜಗತ್ತಿನಲ್ಲಿ ಇದ್ದದ್ದು ಒಬ್ಬನೇ ವೈರಿ. ಅವನ ಮುಖವನ್ನು ಮಾತ್ರ ಭಾವ ಕಂಡಿರಲೇ ಇಲ್ಲ.

ಎಂಬತ್ತರ ದಶಕದ ಮಸ್ಕತ್ತಿನಲ್ಲಿ ಇಂಗ್ಲಿಷ್ ದಿನಪತ್ರಿಕೆಗಳು ಎರಡು. ಮೊದಲು ಹುಟ್ಟಿದ್ದರಲ್ಲಿ ಭಾವ ಪ್ರೂಫ್ ರೀಡರ್. ಆಮೇಲೆ ಹುಟ್ಟಿದ್ದಕ್ಕೆ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ, ಬರೀ 'ಆಚೆ ಪೇಪರು'. ಅಲ್ಲಿನ ಪ್ರೂಫ್ ರೀಡರೇ ಭಾವನ ಆ ವೈರಿ. ಸುದ್ದಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಜಗಳ ಯಾವುದಕ್ಕೆ? ಸ್ಪೆಲಿಂಗಿಗೆ.

ಬೆಳಗ್ಗೆ ಆಚೆ ಪೇಪರಿನಲ್ಲಿ ತಪ್ಪು ಸಿಕ್ಕಿದರೆ ಭಾವನಿಗೆ ಎರಡು ದೋಸೆ ಜಾಸ್ತಿ ಇಳಿಯುತ್ತಿತ್ತು. ಸಿಗದ ದಿನ ಅಕ್ಕನ ಚಟ್ನಿಗೆ ಉಪ್ಪು ಸಾಲುತ್ತಿರಲಿಲ್ಲ.

ಒಮ್ಮೆ ಮತ್ರಾದ ಮೀನು ಮಾರುಕಟ್ಟೆಯಲ್ಲಿ ಮುದುಕನೊಬ್ಬ ಅಂಜಲ್ ಮೀನನ್ನು ಭಾವನ ಪೇಪರಿನಲ್ಲೇ ಸುತ್ತಿಕೊಟ್ಟ. ಭಾವ ಒಪ್ಪಲಿಲ್ಲ, ಮೀನಿಗೆ ಆಚೆ ಪೇಪರೇ ಆಗಬೇಕು. ಆತ ಹುಡುಕಿ ಸುತ್ತಿ "ಖಲಾಸ್?" ಎಂದ. ಎಲ್ಲಿಯ ಖಲಾಸ್? ಭಾವ ನಿಂತಲ್ಲೇ ಮೀನಿನ ಬೆನ್ನ ಮೇಲಿನ ಸುದ್ದಿ ಓದತೊಡಗಿದರು.

"ಮೀನು ಹಾಳಾಗ್ತದೆ ಮಾರಾಯ್ರೆ" ಎಂದಳು ಅಕ್ಕ.

"ತಡಿ, ಇಲ್ಲೊಂದು ಕಾಮಾ ಜಾಸ್ತಿ ಉಂಟು."

ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಆಚೆ ಪೇಪರಿನ ತುಂಬ ತಪ್ಪುಗಳು ಬರತೊಡಗಿದವು. ಮದುವೆ ಫೋಟೋದ ಅಡಿಗೆ ಒಂಟೆ ಓಟದ ಫಲಿತಾಂಶ ಬಿದ್ದಿತ್ತು. ಭಾವ ಇನ್ನು ಸಿಹಿ ಹಂಚುತ್ತಾರೆ ಎಂದುಕೊಂಡೆವು. ಅವರು ದೋಸೆಯ ತಟ್ಟೆಯನ್ನೇ ದೂರ ಸರಿಸಿದರು.

"ಇದು ಆ ಮನುಷ್ಯನ ಕೆಲಸ ಅಲ್ಲ. ಅವನಿಗೆ ಸೌಖ್ಯ ಇಲ್ಲ."

"ರಜೆಯಲ್ಲಿ ಊರಿಗೆ ಹೋಗಿರಬಹುದಲ್ಲ ಭಾವ?" ಎಂದೆ.

"ಅಂಥವನು ರಜೆ ಹಾಕುವ ಮೊದಲು ಬದಲಿಗೆ ಒಬ್ಬನನ್ನು ತಯಾರು ಮಾಡ್ತಾನೆ. ಇದು ಹಠಾತ್ತಾಗಿ ಕಾಯಿಲೆ ಬಿದ್ದದ್ದು."

ಜೀವನದಲ್ಲಿ ಮೊದಲ ಬಾರಿಗೆ ಭಾವ ಆಚೆ ಪೇಪರಿನ ಆಫೀಸಿಗೆ ಫೋನ್ ಮಾಡಿದರು. ಊಹೆ ನಿಜ. ಜಾಂಡೀಸ್ ಅಂತೆ, ವಾದಿ ಕಬೀರ್ ಬಡಾವಣೆಯ ಗ್ಯಾರೇಜುಗಳ ಮೇಲಿನ ಕೋಣೆಯಲ್ಲಿ ಒಬ್ಬರೇ ಅಂತೆ. ಅಕ್ಕ ಗಂಜಿ ಮಾಡಿಕೊಟ್ಟಳು, ನಾನು ಕಾರು ತೆಗೆದೆ.

ಮಂಚದಲ್ಲಿ ಕಲ್ಯಾಣಪುರದ ಕಡೆಯ, ತಲೆ ನರೆತ ಕೊಂಕಣಿ ಮನುಷ್ಯ. ಭಾವ ತಾನು ಯಾವ ಪೇಪರಿನವನೆಂದು ಹೇಳಿದ್ದೇ ತಡ, ಆತ ಎದ್ದು ಕೂರಲು ನೋಡಿದರು.

"ನಿಮ್ಮ ಪೇಪರಿನ ತಪ್ಪು ಹುಡುಕಿ ಹುಡುಕಿಯೇ ಸಾರ್, ನನ್ನ ಕಣ್ಣು ಹಳದಿ ಆದದ್ದು."

ಭಾವ ಗಂಜಿಗೆ ಉಫ್ ಎಂದು ಊದಿ ಚಮಚ ಮುಂದೆ ಹಿಡಿದರು.

ಆತನ ಹೆಂಡತಿ ಊರಿನಿಂದ ಬರುವವರೆಗೆ ಭಾವ ದಿನಾ ಡ್ಯೂಟಿಗೆ ಮೊದಲು ಅಲ್ಲಿಗೆ ಹೋದರು. ಮಂಚದ ಪಕ್ಕ ಕೂತು ಆಚೆ ಪೇಪರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

"ನಾನಿಲ್ಲದೆ ತುಂಬ ತಪ್ಪು ಹೋಗ್ತಾ ಉಂಟಾ?" ಎಂದು ಆತ ಕೇಳುತ್ತಿದ್ದರು.

"ಒಂದೂ ಇಲ್ಲ, ನೀವು ಮಲಗಿ" ಎನ್ನುತ್ತಿದ್ದರು ಭಾವ. ಮತ್ತೆ, ಸಿಕ್ಕ ತಪ್ಪನ್ನೆಲ್ಲ ಬಾಯಲ್ಲೇ ತಿದ್ದಿಕೊಂಡು ಮುಂದಿನ ಸಾಲು ಓದುತ್ತಿದ್ದರು.