ಉತ್ತರಕ್ಕೆ ಮುಂಚಿನ ನಾಲ್ಕು ನಿಮಿಷ

ಕಂಪ್ಯೂಟರಿಗೆ ಉತ್ತರ ಒಂದಿದ್ದರೆ ಸಾಕು ಎಂದು ನಂಬಿದ್ದವನು ನಾನು. ಹೊಳಲ್ಕೆರೆಯಲ್ಲಿ ಲೆಕ್ಕದ ಮೇಷ್ಟ್ರಾಗಿ ಇಪ್ಪತ್ತಾರು ವರ್ಷ 'ಬರೀ ಉತ್ತರಕ್ಕೆ ಸೊನ್ನೆ, ಹೆಜ್ಜೆ ತೋರಿಸ್ರಿ' ಎಂದು ಗಂಟಲು ಹರಿದುಕೊಂಡಿದ್ದೇನೆ. ನನ್ನ ಹೆಜ್ಜೆಗಳನ್ನು ಕೇಳುವವರು ಮಾತ್ರ ಇರಲಿಲ್ಲ.

ಚಿತ್ರದುರ್ಗದ ತರಬೇತಿಯಲ್ಲಿ ಮೇಷ್ಟ್ರುಗಳಿಗೇ ಕಂಪ್ಯೂಟರಿನಲ್ಲಿ ಪರೀಕ್ಷೆ ಇಟ್ಟರು. ಒಬ್ಬರನ್ನು ಜಿಲ್ಲೆಯ ತರಬೇತುದಾರರಾಗಿ ಆರಿಸುತ್ತಾರೆಂದು ತಿಳಿದು ನಾನು ಹಿಂದಿನ ದಿನವೇ ಕಟಿಂಗ್ ಮಾಡಿಸಿಕೊಂಡಿದ್ದೆ. ಪರದೆಯ ಮೇಲೆ ಮೂರು ನಲ್ಲಿ, ಮೂರು ತೊಟ್ಟಿ. ಯಾವ ನಲ್ಲಿಯಿಂದ ಯಾವ ತೊಟ್ಟಿ ತುಂಬುತ್ತದೆ ಎಂದು ತಿರುಗಿಸಿ ಪತ್ತೆ ಮಾಡಬೇಕು. ಪೂರ್ತಿ ಅಂಕ ಬಂತು. ಆಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ, ಪಕ್ಕದಲ್ಲಿ ಕೂತು ಪರೀಕ್ಷೆ ಬರೆದಿದ್ದ ಹೊಸದುರ್ಗದ ಮೇಷ್ಟ್ರಿಗೆ ಬುದ್ಧಿಮಾತನ್ನೂ ಹೇಳಿದೆ.

ಮಧ್ಯಾಹ್ನ ಸುಜಾತ ಬಂದಳು. ನನ್ನ ಹಳೇ ಶಿಷ್ಯೆ, ಈಗ ಇಂಥ ಪರೀಕ್ಷೆಗಳ ಅಂಕಿಅಂಶ ವಿಶ್ಲೇಷಿಸುವವಳು. ನಾವು ಒತ್ತಿದ ಒಂದೊಂದು ಗುಂಡಿ, ಸುಮ್ಮನೆ ಕೂತ ಒಂದೊಂದು ಸೆಕೆಂಡು, ಎಲ್ಲವನ್ನೂ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದಂತೆ. ಯೋಚಿಸಿ ಮಾಡಿದವರು, ಸುಮ್ಮನೆ ತಡಕಾಡಿದವರು ಎಂದು ಅದರಿಂದಲೇ ಗುಂಪು ಮಾಡುತ್ತಾರಂತೆ. ಹೆಸರು ಹೇಳಲಿಲ್ಲ, ನಂಬರ್ ಅಷ್ಟೇ. "ಹದಿನೇಳನೇದು ನೋಡ್ರಿ. ಮೂರು ನಲ್ಲೀನೂ ಒಟ್ಟಿಗೇ ತಿರುಗ್ಸಿದಾರೆ, ಹನ್ನೊಂದು ಸಲ. ಆಮೇಲೆ ನಾಲ್ಕು ನಿಮಿಷ ಕೈನೇ ಆಡ್ಸಿಲ್ಲ. ಆಮೇಲೆ ಸೀದಾ ಸರಿ ಉತ್ತರ. ಆ ನಾಲ್ಕು ನಿಮಿಷದಾಗೆ ಏನೋ ನಡ್ದೈತೆ." ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. "ಯಾರಪ್ಪ ಈ ಪುಣ್ಯಾತ್ಮ" ಎಂದು ಹೊಸದುರ್ಗದವರನ್ನು ಕೇಳಿದೆ. ಅವರು ನನ್ನ ಜೇಬಿಗೆ ಸಿಕ್ಕಿಸಿದ್ದ ಪರೀಕ್ಷೆ ನಂಬರಿನ ಚೀಟಿಯ ಕಡೆ ಕಣ್ಣು ಹಾಯಿಸಿದರು. ನಾನೂ ಬಗ್ಗಿ ನೋಡಿದೆ. ಹದಿನೇಳು. ಆ ನಾಲ್ಕು ನಿಮಿಷ ನಾನು ಕತ್ತು ಉದ್ದ ಮಾಡಿ ನೋಡಿದ್ದು ಇದೇ ಹೊಸದುರ್ಗದವರ ಪರದೆಯನ್ನು.

ಹೊರಗೆ ಸುಜಾತ ಸಿಕ್ಕಾಗ, "ಏನೇ ಆಗ್ಲಿ, ಉತ್ತರ ಸರಿ ಐತಲ್ಲಮ್ಮ" ಎಂದೆ, ಯಾರದೋ ಪರ ವಕಾಲತ್ತು ಮಾಡುವವನ ಹಾಗೆ. "ಐತೆ ಸರ್. ಹೆಜ್ಜೆ ಇಲ್ಲ ಅಂತ ಒಂಬತ್ತನೇ ಕ್ಲಾಸಲ್ಲಿ ನೀವೇ ನನಗೆ ಸೊನ್ನೆ ಹಾಕಿದ್ರಲ್ಲ. ಹೆಜ್ಜೆ ನೋಡೋದು ಅವತ್ತಿಂದ ಕಲ್ತಿದ್ದು." ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಗುರುಭಕ್ತಿಯೇ ಇತ್ತು. ತರಬೇತುದಾರರಾಗಿ ಹೊಸದುರ್ಗದವರು ಆಯ್ಕೆಯಾದರು.

ಮನೆಗೆ ಬಂದಾಗ ಹೆಂಡತಿ, "ಪರೀಕ್ಷೆ ಹೆಂಗಾತು ರೀ?" ಎಂದಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಮುಖ ಒರೆಸಿಕೊಂಡು "ಪೂರ್ತಿ ಅಂಕ" ಎಂದೆ.

"ಅದನ್ನ ಹೇಳಾಕೆ ಇಷ್ಟೊತ್ತು ಯಾಕೆ ಬೇಕಾತು?"

ಕತ್ತು ಉದ್ದ ಮಾಡೋಣವೆಂದರೆ ಪಕ್ಕದಲ್ಲಿ ಹೊಸದುರ್ಗದವರಿರಲಿಲ್ಲ.