ಡ್ರಿಲ್ ಮೇಷ್ಟ್ರ ಕೈಚೀಲ

ಆಸ್ಪತ್ರೆಯಿಂದ ಬಂದು ಹಾಸಿಗೆಯ ಮೇಲೆ ಇನ್ನೂ ಸರಿಯಾಗಿ ಕೂತಿರಲಿಲ್ಲ, ಡ್ರಿಲ್ ಮೇಷ್ಟ್ರು ಹೆಂಡತಿಗೆ ಘೋಷಿಸಿಬಿಟ್ಟರು: ಬೇರೆ ಗಂಡಸರು ಚೇತರಿಸಿಕೊಳ್ಳಲು ಎರಡು ತಿಂಗಳು ತೆಗೆದುಕೊಂಡರೆ ತಾನು ಎರಡು ವಾರದಲ್ಲಿ ಮುಗಿಸುತ್ತೇನೆ. ಚೇತರಿಕೆಯೂ ಒಂದು ಓಟದ ಪಂದ್ಯ ಎಂದೇ ಅವರು ತಿಳಿದಿದ್ದರು. ತಪ್ಪು ಅವರದಲ್ಲ. ಜೀವಮಾನವೆಲ್ಲ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವರು. ನಿವೃತ್ತರಾದ ಮೇಲೂ ಅವರು ಕೆಮ್ಮಿದರೆ ಬೀದಿಯ ನಾಯಿಗಳು ನೆಟ್ಟಗೆ ನಿಲ್ಲುತ್ತಿದ್ದವು.

ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ಕೇಳಿದ ದಿನ ಮಾತ್ರ ಆ ಗಂಟಲು ಒಣಗಿತ್ತು. ಪುಣ್ಯಕ್ಕೆ ರೋಗ ಬೇಗ ಸಿಕ್ಕಿಬಿದ್ದಿತ್ತು. ಗ್ರಂಥಿಯನ್ನೇ ತೆಗೆದುಹಾಕಿದರು, ಹೂವೆತ್ತಿದ ಹಾಗೆ ಕೆಲಸ ಮುಗಿಯಿತು. ಚೆನ್ನಾಗಿ ನೀರು ಕುಡಿಯಿರಿ, ದಿನವೂ ಸ್ವಲ್ಪ ಸ್ವಲ್ಪ ನಡೆಯಿರಿ, ಭಾರ ಎತ್ತಬೇಡಿ, ಮೂತ್ರದ ಟ್ಯೂಬು ಜಗ್ಗದಂತೆ ನೋಡಿಕೊಳ್ಳಿ ಎಂದು ಹೇಳಿ ಡಾಕ್ಟರಮ್ಮ ಮನೆಗೆ ಕಳಿಸಿದ್ದರು. ಆ ಟ್ಯೂಬು ಇನ್ನೂ ಕೆಲವು ದಿನ ಒಳಗೇ ಇರಬೇಕು. ಅದರ ಹೊರಗಿನ ತುದಿಗೆ ಒಂದು ಪ್ಲಾಸ್ಟಿಕ್ ಚೀಲ. ಅದು ಸದಾ ಸೊಂಟಕ್ಕಿಂತ ಕೆಳಗೆ ತೂಗುತ್ತಿರಬೇಕು.

ಮೇಷ್ಟ್ರಿಗೆ ಕತ್ತಿಯ ಗಾಯಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಆ ಚೀಲ. ಬೀದಿಯವರಿಗೆಲ್ಲ ಅವರು ಸಣ್ಣ ಹರ್ನಿಯಾ ಎಂದು ಹೇಳಿಬಿಟ್ಟಿದ್ದರು. ಕಾಯಿಲೆ ಬರುವುದೇನು ಕಳ್ಳತನವೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಗಂಟೇನು ಹೋಗುತ್ತದೆ ಎಂದು ಹೆಂಡತಿ ಕೇಳಿದ್ದುಂಟು. ಮೇಷ್ಟ್ರು ಒಪ್ಪಲಿಲ್ಲ. ಹರ್ನಿಯಾ ಮರ್ಯಾದಸ್ಥ ಕಾಯಿಲೆ, ಭಾರ ಎತ್ತಿ ಬಂತು ಎನ್ನಬಹುದು; ಇದು ಬೆರಳು ಮಾಡಿ ತೋರಿಸಲೂ ಆಗದ ಜಾಗದ್ದು ಎಂಬುದು ಅವರ ವಾದ.

ಆದರೆ ನಡೆಯಲೇಬೇಕಲ್ಲ. ಮನೆಯೊಳಗೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ತಿರುಗಿ ತಿರುಗಿ ಬೇಸತ್ತ ಮೇಷ್ಟ್ರು ಒಂದು ಬೆಳಿಗ್ಗೆ ಉಪಾಯ ಹೂಡಿದರು. ಪೈಜಾಮದ ಜೇಬಿಗೆ ತೂತು ಮಾಡಿ ಟ್ಯೂಬನ್ನು ಹೊರಗೆ ತೆಗೆದರು. ಪ್ಲಾಸ್ಟಿಕ್ ಚೀಲವನ್ನು ಹಳೆಯ ಪರದೆ ಬಟ್ಟೆಯ ಕೈಚೀಲದಲ್ಲಿ ಇಟ್ಟುಕೊಂಡರು. ಮೇಲೊಂದು ಉದ್ದನೆಯ ಜುಬ್ಬಾ. ಕಂಡವರು ಮೇಷ್ಟ್ರು ತರಕಾರಿಗೆ ಹೊರಟಿದ್ದಾರೆ ಎನ್ನಬೇಕು, ಅಷ್ಟೆ. ತಾನೂ ಬರುತ್ತೇನೆಂದ ಹೆಂಡತಿಗೆ, ಕೈ ಹಿಡಿದು ನಡೆಸಲು ತಾನೇನು ಮಗುವಲ್ಲ ಎಂದು ಹೇಳಿ ಗೇಟು ದಾಟಿದರು.

ಎಳೆ ಬಿಸಿಲು, ತಣ್ಣನೆ ಗಾಳಿ. ಮೇಷ್ಟ್ರ ಎದೆ ತಾನಾಗಿಯೇ ಉಬ್ಬಿತು. ಆಗಲೇ ಎದುರಿಗೆ ಬಂದರು ಅದೇ ಬೀದಿಯ ಕಂಡಕ್ಟರು. ಬಸ್ಸಿನ ಕೆಲಸದಿಂದ ನಿವೃತ್ತರಾಗಿ ವರ್ಷಗಳಾಗಿದ್ದರೂ ಕಂಡವರ ಗಂಟುಮೂಟೆಗೆ ಕೈ ಹಾಕಿ ಎಳೆದುಕೊಳ್ಳುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ.

"ಹರ್ನಿಯಾ ಆಪರೇಷನ್ ಆದೋರು ಭಾರ ಹೊರ್ತಾರಾ ಮೇಷ್ಟ್ರೇ? ಕೊಡಿ ಇಲ್ಲಿ."

ಕೊಡುವುದಿಲ್ಲ ಎನ್ನುವಷ್ಟರಲ್ಲಿ ಕೈಚೀಲ ಕಂಡಕ್ಟರ ಕೈಯಲ್ಲಿತ್ತು, ಕಂಡಕ್ಟರು ಹೊರಟೂಬಿಟ್ಟಿದ್ದರು. ಮೇಷ್ಟ್ರಿಗೆ ಹಿಂದೆ ಉಳಿಯುವ ಸ್ವಾತಂತ್ರ್ಯವೇ ಇರಲಿಲ್ಲ. ಹಗ್ಗ ಕಟ್ಟಿದ ಕರುವಿನಂತೆ ಓಡಿ ಹೋಗಿ ಭುಜಕ್ಕೆ ಭುಜ ತಾಗಿಸಿದರು. ಕಂಡಕ್ಟರು ಬೇಗ ನಡೆದರೆ ಇವರೂ ಬೇಗ, ಅವರು ನಿಂತರೆ ಇವರೂ ಗಕ್ಕನೆ ನಿಂತರು. ಇಷ್ಟು ವರ್ಷ ಬರೀ ತಲೆಯಾಡಿಸಿ ಮುಂದೆ ಹೋಗುತ್ತಿದ್ದ ಮನುಷ್ಯ ಇಂದು ಮೈಗೆ ಮೈ ಅಂಟಿಸಿ ಬರುತ್ತಿದ್ದಾರಲ್ಲ ಎಂದು ಕಂಡಕ್ಟರಿಗೆ ಹೃದಯ ತುಂಬಿ ಬಂತು. ಆ ಖುಷಿಗೆ ಅವರು ಇನ್ನಷ್ಟು ಬೀಸಾಗಿ ಹೆಜ್ಜೆ ಹಾಕಿದರು.

ಸ್ವಲ್ಪ ದೂರ ಹೋದ ಮೇಲೆ ಅವರಿಗೆ ಅನುಮಾನ ಬಂತು. ಕೈಚೀಲ ಕಾಲಿಗೆ ಬೆಚ್ಚಗೆ ತಾಗುತ್ತಿತ್ತು. ಒಳಗೇನಿದೆ ಎಂದು ಕೇಳಿದರು. ಮೇಷ್ಟ್ರ ಬಾಯಿಗೆ ಬಂದದ್ದು ಒಂದೇ ಮಾತು: ಕಷಾಯ.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಯಾವುದಕ್ಕೆ ಒಳ್ಳೆಯದು ಎಂದು ಕಂಡಕ್ಟರು ಕೇಳಿದರು. ಎಲ್ಲಕ್ಕೂ ಎಂದರು ಮೇಷ್ಟ್ರು. ಮಂಡಿನೋವಿಗೂ? ಮಂಡಿನೋವಿಗೂ. ಕಂಡಕ್ಟರ ಹೆಂಡತಿ ಮಂಡಿನೋವಿನಿಂದ ಮೆಟ್ಟಿಲು ಹತ್ತದೆ ತಿಂಗಳಾಗಿತ್ತು. ಅವರು ಥಟ್ಟನೆ ತಮ್ಮ ಮನೆಯ ಕಡೆ ತಿರುಗಿದರು, ಮೇಷ್ಟ್ರೂ ತಿರುಗಬೇಕಾಯಿತು. ದಾರಿಯಲ್ಲಿ ಈ ಮಾತು ಕೇಳಿಸಿಕೊಂಡ ಕಿರಾಣಿ ಅಂಗಡಿಯವನು ಗಲ್ಲಾ ಬಿಟ್ಟು ಬಂದು, ತನ್ನ ಬೆನ್ನಿಗೂ ಒಂದು ಗುಟುಕು ಸಿಗಬಹುದೇ ಎಂದು ವಿಚಾರಿಸಿದ. ಕಂಡಕ್ಟರು ಗೇಟಿನಿಂದಲೇ ಲೋಟ ತರಲು ಹೆಂಡತಿಗೆ ಹೇಳಿ ಕೈಚೀಲದೊಳಗೆ ಕೈ ಹಾಕಿದರು.

ಆಗ ಹೊರಟಿತು ಮೇಷ್ಟ್ರ ಮೈದಾನದ ಗಂಟಲು.

"ಅದು ಕಷಾಯ ಅಲ್ಲ ಕಂಡಕ್ಟ್ರೇ, ನನ್ನ ಮೂತ್ರ! ನನಗೆ ಆಗಿದ್ದು ಹರ್ನಿಯಾ ಅಲ್ಲ, ಪ್ರಾಸ್ಟೇಟ್ ಕ್ಯಾನ್ಸರ್. ತೆಗೆಸಿ ಆಗಿದೆ. ಆ ಟ್ಯೂಬಿನ ಇನ್ನೊಂದು ತುದೀಲಿ ನಾನಿದೀನಿ!"

ಎರಡು ಮಹಡಿಗಳ ಕಿಟಕಿಗಳು ತೆರೆದುಕೊಂಡವು. ಮನೆಯಲ್ಲಿ ಒಲೆಯ ಮುಂದಿದ್ದ ಮೇಷ್ಟ್ರ ಹೆಂಡತಿಗೂ ಒಂದಕ್ಷರ ಬಿಡದೆ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ ಹೆಂಡತಿ ಲೋಟವನ್ನು ಮೆಲ್ಲಗೆ ಸೆರಗಿನ ಮರೆಗೆ ಸರಿಸಿದರು.

ಕೈಚೀಲ ಕೆಳಗೆ ಬೀಳುತ್ತದೆ ಎಂದು ಮೇಷ್ಟ್ರು ಕಣ್ಣು ಮುಚ್ಚಿದರು. ಬೀಳಲಿಲ್ಲ. ಕಂಡಕ್ಟರು ಚೀಲವನ್ನು ನೋಡಿದರು, ಟ್ಯೂಬನ್ನು ನೋಡಿದರು, ಮೇಷ್ಟ್ರ ಮುಖ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಅದನ್ನು ಭದ್ರವಾಗಿ ಹಿಡಿದುಕೊಂಡು, "ಹಾಗಾದ್ರೆ ಮನೆ ತನಕ ನಾನೇ ಹಿಡ್ಕೊಂಡು ಬರ್ತೀನಿ. ನಿಧಾನಕ್ಕೆ ನಡೀರಿ" ಎಂದರು.

ಬೀದಿಯುದ್ದಕ್ಕೂ ಇಬ್ಬರೂ ಮದುಮಕ್ಕಳಂತೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ಬಂದರು. ಯಾರೂ ನಗಲಿಲ್ಲ. ಆ ಸಂಜೆಯಿಂದ ಗಂಡಸರು ಒಬ್ಬೊಬ್ಬರಾಗಿ ಮೇಷ್ಟ್ರನ್ನು ನೋಡಲು ಬರತೊಡಗಿದರು. ಆರೋಗ್ಯ ವಿಚಾರಿಸಿ, ಸೂರು ನೋಡುತ್ತಾ, ಯಾವ ಪರೀಕ್ಷೆ, ನೋವಿತ್ತೇ ಎಂದು ಗುಟ್ಟಾಗಿ ಕೇಳುತ್ತಿದ್ದರು. ಅಂಗಡಿಯವನಂತೂ ಕಂಡಕ್ಟರನ್ನು ಜೊತೆ ಮಾಡಿಕೊಂಡು ಆಸ್ಪತ್ರೆಗೇ ಹೋಗಿ ಬಂದ. ಅವನಿಗೆ ಇರುವುದು ಕ್ಯಾನ್ಸರ್ ಅಲ್ಲ, ಗ್ರಂಥಿಯ ಬರೀ ಊತ ಎಂದು ಗೊತ್ತಾದ ದಿನ ಮೇಷ್ಟ್ರ ಮನೆಗೆ ಬಾಳೆಹಣ್ಣಿನ ಗೊನೆಯೇ ಬಂತು.

ಟ್ಯೂಬು ಹೊರಬಂದಾಗ ಮೇಷ್ಟ್ರು ಯುದ್ಧ ಗೆದ್ದಂತೆ ಬೀಗಿದರು. ಆದರೆ ನಲ್ಲಿ ತಿರುಗಿಸುವ ಕೈ ಇನ್ನೂ ಎಚ್ಚೆತ್ತಿರಲಿಲ್ಲ. ಹೆಚ್ಚಿನವರಿಗೆ ಮೊದಲು ಹೀಗೇ ಎಂದು ಡಾಕ್ಟರಮ್ಮ ಸಮಾಧಾನ ಹೇಳಿ, ಮೂತ್ರ ತಡೆಹಿಡಿಯುವ ಸ್ನಾಯುವನ್ನು ಬಿಗಿದು ಬಿಡುವ ವ್ಯಾಯಾಮ ಕಲಿಸಿದರು. ಊರ ಮಕ್ಕಳನ್ನೆಲ್ಲ ಶಿಸ್ತಿಗೆ ತಂದ ಮೇಷ್ಟ್ರಿಗೆ ಈ ಒಂದು ಸ್ನಾಯು ಮಾತ್ರ ಕೊನೆಯ ಬೆಂಚಿನ ಹುಡುಗನಂತೆ ಕೈಕೊಡುತ್ತಿತ್ತು.

ಕ್ಯಾನ್ಸರಿನ ಸುಳಿವೂ ಇಲ್ಲ ಎಂದು ರಕ್ತಪರೀಕ್ಷೆಯ ಫಲಿತಾಂಶ ಬಂದ ದಿನ ಕಂಡಕ್ಟರ ಜಗಲಿಯಲ್ಲಿ ಸಭೆ ಸೇರಿತ್ತು. ಈಗ ಎಲ್ಲ ನನ್ನ ಹತೋಟಿಯಲ್ಲಿದೆ ಎಂದು ಮೇಷ್ಟ್ರು ಘೋಷಿಸುತ್ತಿದ್ದಾಗಲೇ ಒಂದು ಸೀನು ಬಂತು. ಸೀನಿನ ಜೊತೆಗೆ ಉಳಿದದ್ದೂ ಬಂತು. ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು, ಏಡಿಯಂತೆ ಅಡ್ಡಡ್ಡ ನಡೆದು ಮನೆ ಸೇರಿದರು. ಮಂಚದ ಅಂಚಿನಲ್ಲಿ ಕೂತು, ಸೀನಿದರೂ ಹೋಗುತ್ತದೆ, ನಕ್ಕರೂ ಹೋಗುತ್ತದೆ, ಇದೂ ಒಂದು ಬಾಳೇ ಎಂದು ಗೋಳಾಡಿದರು.

ಹೆಂಡತಿ ಒಗೆದ ಪೈಜಾಮ ತಂದು ತೊಡೆಯ ಮೇಲಿಟ್ಟರು.

"ಎರಡನೇ ಮಗು ಹುಟ್ಟಿದಾಗಿಂದ ನನಗೂ ಹೀಗೇ ಕಣ್ರೀ. ಸೀನು ಬಂದ್ರೆ ಮೊದಲು ಕಾಲು ಕತ್ತರಿ ಹಾಕ್ಬೇಕು, ಆಮೇಲೆ ಸೀನ್ಬೇಕು. ಇಷ್ಟು ವರ್ಷ ಒಂದೇ ಮನೇಲಿದ್ದು ನೀವು ನೋಡೇ ಇಲ್ವಾ?"

ಮದುವೆ ಮನೆಗಳಲ್ಲಿ, ಬಸ್‌ಸ್ಟಾಪುಗಳಲ್ಲಿ, ಕಾಲಿಗೆ ಕಾಲು ಹೆಣೆದು ಸೀನುತ್ತಿದ್ದ ಹೆಂಡತಿಗೆ ನೆಟ್ಟಗೆ ನಿಂತುಕೋ ಎಂದು ಗದರಿದ್ದು ಮೇಷ್ಟ್ರೇ. ಪೈಜಾಮದ ಲಾಡಿ ಹುಡುಕುತ್ತಾ, ಆ ವ್ಯಾಯಾಮ ಹೆಂಗಸರಿಗೂ ಆಗುತ್ತದಂತೆ ಎಂದು ಮೆಲ್ಲಗೆ ಹೇಳಿದರು.

ಮರುದಿನ ಬೆಳಿಗ್ಗೆ ಎರಡು ಕುರ್ಚಿ ಅಕ್ಕಪಕ್ಕ ಬಿದ್ದವು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಭುಜ ಹಿಂದಕ್ಕೆ ಎಳೆದು, ಉಸಿರು ಬಿಗಿಹಿಡಿದು ಎಣಿಸಲು ಶುರು ಮಾಡಿದರು. ಹೆಂಡತಿ ಓರೆಗಣ್ಣಿನಲ್ಲಿ ನೋಡಿದರು.

"ರೀ, ನೀವು ಬಿಗೀತಿರೋದು ಎದೆ. ಕೆಳಗೆ ಬನ್ನಿ. ಇನ್ನೂ ಕೆಳಗೆ."