ನಲವತ್ತೆರಡು ವೈರು, ಎಪ್ಪತ್ತೊಂದು ನಾಬು

ಘಟನೆ ಶುರುವಾದಾಗ ನಾನು ಊರಿಗಾಂನ ಹಳೆಯ ಗಣಿ ಕಂಪನಿ ಸಭಾಂಗಣದ ವೇದಿಕೆಯ ಮೇಲೆ, ಎಡಗಡೆಯ ಪರದೆಯಿಂದ ಎರಡು ಅಡಿ ಒಳಗೆ, ಒಂದು ಮೇಜಿಗೆ ಎದುರಾಗಿ ನಿಂತಿದ್ದೆ. ಭಾನುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ನನ್ನ ಕೈಗಡಿಯಾರ ಎರಡು ನಿಮಿಷ ಮುಂದಿರುತ್ತದೆ. ಅದನ್ನು ಕಳೆದೇ ಹೇಳುತ್ತಿದ್ದೇನೆ. ಬಲಗೈಯಲ್ಲಿ ಒದ್ದೆ ಬಟ್ಟೆ ಇತ್ತು. ಎಡಗೈಯಲ್ಲಿ ಮೇಣದ ದಾರದ ಉಂಡೆ ಇತ್ತು. ಮನಸ್ಸಿನಲ್ಲಿ ಒಳ್ಳೆಯ ಉದ್ದೇಶವಲ್ಲದೆ ಬೇರೇನೂ ಇರಲಿಲ್ಲ. ಇದನ್ನು ಮೊದಲೇ ದಾಖಲಿಸುತ್ತಿದ್ದೇನೆ, ಏಕೆಂದರೆ ಆಮೇಲೆ ಯಾರೂ ಅದನ್ನು ಒಪ್ಪಲಿಲ್ಲ.

ಮೇಜಿನ ಮೇಲಿದ್ದದ್ದು ನನ್ನ ಮಗಳು ನೇತ್ರಾವತಿಯ ಯಂತ್ರ. ನೇತ್ರಾ ಬಂಗಾರಪೇಟೆಯ ಬಜಾರಿನಲ್ಲಿ ಆರ್ಕೆಸ್ಟ್ರಾದವರ, ಚರ್ಚಿನವರ ಹಳೆಯ ಕೀಬೋರ್ಡುಗಳನ್ನು ರಿಪೇರಿ ಮಾಡುವ ಪುಟ್ಟ ಅಂಗಡಿ ಇಟ್ಟಿದ್ದಾಳೆ. ಬಿಡುವಿನಲ್ಲಿ ತಾನೇ ಬೆಸುಗೆ ಹಾಕಿ ಈ ಯಂತ್ರವನ್ನು ಕಟ್ಟಿದ್ದಳು. ಇದಕ್ಕೆ ಮಾಡ್ಯುಲರ್ ಸಿಂಥಸೈಜರ್ ಎನ್ನುತ್ತಾರೆ. ಒತ್ತಲು ಕೀಗಳಿಲ್ಲ. ಬೀರುವಿನ ಬಾಗಿಲಿನಷ್ಟು ಅಗಲದ ಮರದ ಪೆಟ್ಟಿಗೆ. ಅದರ ತುಂಬ ತಗಡಿನ ಪಟ್ಟಿಗಳು. ಪಟ್ಟಿಗಳ ತುಂಬ ತೂತುಗಳು ಮತ್ತು ತಿರುಗಿಸುವ ನಾಬುಗಳು. ಒಂದು ಪಟ್ಟಿ ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಕತ್ತರಿಸುತ್ತದೆ, ಮತ್ತೊಂದು ನಡುಗಿಸುತ್ತದೆ. ಯಾವ ಪಟ್ಟಿಯಿಂದ ಯಾವ ಪಟ್ಟಿಗೆ ಹೋಗಬೇಕೆಂದು ವೈರು ಚುಚ್ಚಿ ಹೇಳಬೇಕು. ಹೇಳಿದರೆ ಸಂಗೀತ ಬರುತ್ತದೆ. ಮೂರು ವಾರದಿಂದ ನಮ್ಮ ಮನೆಯಲ್ಲಿ ಬರುತ್ತಿತ್ತು. ಮೊದಲು ಬಾವಿಯಲ್ಲಿ ನೀರು ತೊಟ್ಟಿಕ್ಕಿದಂತೆ, ಆಮೇಲೆ ದೂರದಲ್ಲಿ ಯಾರೋ ಕೊಳಲು ಮರೆತು ಮತ್ತೆ ನೆನಪಿಸಿಕೊಂಡಂತೆ. ನನಗೆ ಅದರ ಸೊಗಸು ಪೂರ್ತಿ ತಿಳಿಯುತ್ತಿರಲಿಲ್ಲ. ಬೆಕ್ಕಿಗೆ ತಿಳಿಯುತ್ತಿತ್ತು; ಅದು ಪೆಟ್ಟಿಗೆಯ ಮುಂದೆಯೇ ಮಲಗುತ್ತಿತ್ತು.

ಆ ದಿನ ಪಣಕ್ಕಿದ್ದದ್ದು ಏನೆಂದು ಹೇಳಿಬಿಡುತ್ತೇನೆ. ಸಭಾಂಗಣದ ಹಿಂದಿನ ಕೋಣೆಯಲ್ಲಿ ಹಳೆಯ ಕಾಲದ ಏಳು ಎಲೆಕ್ಟ್ರಾನಿಕ್ ಕೀಬೋರ್ಡುಗಳು ದೂಳು ತಿನ್ನುತ್ತಿದ್ದವು. ಒಂದು ಕಾಲದಲ್ಲಿ ಅಲ್ಲಿನ ಬ್ಯಾಂಡಿನವರು ಅವನ್ನು ನುಡಿಸುತ್ತಿದ್ದರು. ಅಂಥವು ಈಗ ಹುಡುಕಿದರೂ ಸಿಗುವುದಿಲ್ಲ ಎಂದು ನೇತ್ರಾ ಅವುಗಳಲ್ಲಿ ಒಂದನ್ನು ರಿಪೇರಿ ಮಾಡಿಯೂ ತೋರಿಸಿದ್ದಳು. ಅವನ್ನೆಲ್ಲ ತನಗೆ ಬಿಟ್ಟುಕೊಟ್ಟರೆ ಸರಿಪಡಿಸಿ, ಅಲ್ಲೇ ಭಾನುವಾರದ ಸಂಗೀತ ಪಾಠ ನಡೆಸುತ್ತೇನೆ ಎಂಬುದು ಅವಳ ಆಸೆ. ನಿವಾಸಿಗಳ ಸಂಘದವರು ಅಷ್ಟರಲ್ಲಿ ಅವನ್ನು ತೂಕಕ್ಕೆ ಹಾಕುವುದಾಗಿ ಗುಜರಿ ಶೇಖರನಿಗೆ ಮಾತು ಕೊಟ್ಟಾಗಿತ್ತು. ಸಂಘದ ಅಧ್ಯಕ್ಷ ಅಂತೋಣಿ ಮೇಷ್ಟ್ರು, ಹಿಂದೆ ಅದೇ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸಿದವರು, ಒಂದು ತೀರ್ಮಾನ ಹೇಳಿದರು. "ಭಾನುವಾರ ಒಂದು ಪ್ರೋಗ್ರಾಂ ಕೊಡಮ್ಮಾ. ಜನ ಎದ್ದೋಗ್ದೆ ಕೂತಿದ್ರೆ ಎಲ್ಲಾ ನಿಂದು. ಎದ್ದೋದ್ರೆ ಸೋಮವಾರ ಶೇಖರಂದು."

ಆದ್ದರಿಂದ ಆ ಸಂಜೆ ಐದು ಗಂಟೆಗೆ ಕಾರ್ಯಕ್ರಮ. ನಾಲ್ಕು ಗಂಟೆಗೂ ಮೈಕ್ ಸೆಟ್ಟಿನವನು ಬರಲಿಲ್ಲವೆಂದು ನೇತ್ರಾ ಸ್ಕೂಟರ್ ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೊರಟಳು. ಹೋಗುವ ಮುಂಚೆ, "ಅಪ್ಪ, ಇಲ್ಲೇ ಕಾಯ್ತಾ ಇರು. ಯಾರನ್ನೂ ಮುಟ್ಟಾಕ್ ಬಿಡ್ಬೇಡ," ಎಂದಳು.

ನಾನು ಯಾರನ್ನೂ ಬಿಡಲಿಲ್ಲ. ಆದರೆ ಆ 'ಯಾರನ್ನೂ' ಎಂಬುದರಲ್ಲಿ ನಾನೂ ಸೇರುತ್ತೇನೆಂದು ನನಗೆ ಹೊಳೆಯಲಿಲ್ಲ. ಕಾವಲುಗಾರ ಕಳ್ಳರ ಪಟ್ಟಿಯಲ್ಲಿ ತನ್ನ ಹೆಸರನ್ನು ಹುಡುಕುವುದಿಲ್ಲ.

ಈಗ ನನ್ನ ಬಗ್ಗೆ ಎರಡು ಮಾತು. ನಾನು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವೈರು ಜೋಡಿಸುವ ಕೆಲಸ ಮಾಡಿ ನಿವೃತ್ತನಾದವನು. ಊರಿನ ಫೋನುಗಳೆಲ್ಲ ನನ್ನ ಕೈಕೆಳಗಿನ ಚೌಕಟ್ಟಿನ ಮೂಲಕವೇ ಹೋಗುತ್ತಿದ್ದವು. ಅಲ್ಲಿ ವೈರು ಜೋತುಬಿದ್ದಿದ್ದರೆ ಮೇಲಧಿಕಾರಿ ಮೆಮೊ ಕೊಡುತ್ತಿದ್ದರು. ನಾವು ವೈರುಗಳನ್ನು ಸಾಲಾಗಿ ಬಾಚಿ, ಮೂರು ಬೆರಳಗಲಕ್ಕೊಂದರಂತೆ ಮೇಣದ ದಾರದ ಗಂಟು ಹಾಕಿ, ಮದುಮಗಳ ಜಡೆಯಂತೆ ಹೆಣೆಯುತ್ತಿದ್ದೆವು. ಅದಕ್ಕೆ ಡ್ರೆಸ್ಸಿಂಗ್ ಎಂದು ಹೆಸರು. ನನ್ನ ಡ್ರೆಸ್ಸಿಂಗ್ ನೋಡಲು ಕೋಲಾರದಿಂದ ಜನ ಬರುತ್ತಿದ್ದರು. ಒಮ್ಮೆ ಬಂದಿದ್ದರು. ಇಬ್ಬರು.

ಅಂಥವನ ಎದುರಿಗೆ ನೇತ್ರಾಳ ಪೆಟ್ಟಿಗೆ ಹೇಗಿತ್ತೆಂದರೆ, ಕೆಂಪು, ಹಳದಿ, ನೀಲಿ ವೈರುಗಳು ಒಂದರ ಮೇಲೊಂದು ಬಿದ್ದು ಜೋಲಾಡುತ್ತಿದ್ದವು. ಇನ್ನು ಐವತ್ತು ನಿಮಿಷದಲ್ಲಿ ಊರಿನ ಹಿರಿಯರೆಲ್ಲ ಬಂದು ಇದನ್ನು ನೋಡಬೇಕು. ಅವರಲ್ಲಿ ನನ್ನನ್ನು ಬಲ್ಲವರೂ ಇದ್ದಾರೆ. ಗೋಪಾಲಪ್ಪನ ಮಗಳ ವೈರು ಹೀಗೆ ಎಂದರೆ?

ನಾನು ಅವಸರ ಮಾಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಜೇಬಿನಿಂದ ಪುಸ್ತಕ ತೆಗೆದು, ಸಾಲುಗಳಿಗೆ ಅಕ್ಷರ, ತೂತುಗಳಿಗೆ ಸಂಖ್ಯೆ ಕೊಟ್ಟು, ಪ್ರತಿಯೊಂದು ವೈರೂ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಬರೆದುಕೊಂಡೆ. ನಲವತ್ತೆರಡು ವೈರು, ನಲವತ್ತೆರಡು ಸಾಲು. ಆಮೇಲೆ ಎಲ್ಲವನ್ನೂ ಕಿತ್ತೆ.

ಕೆಳಗೆ ಕುರ್ಚಿ ಜೋಡಿಸುತ್ತಿದ್ದ ನನ್ನ ಹೆಂಡತಿ ರತ್ನಮ್ಮ ತಲೆಯೆತ್ತಿದಳು.

"ಏನ್ರೀ ಮಾಡ್ತಾ ಇದ್ದೀರಾ ಅಲ್ಲಿ?"

"ಸ್ವಲ್ಪ ಡ್ರೆಸ್ಸಿಂಗು."

"ಯಾರ್ಗೆ?"

"ವೈರಿಗೆ."

"ನಿಮ್ಮ್ ಪಂಚೆ ನೆಟ್ಟುಗೆ ಉಟ್ಕಳಾಕ್ ಬರಲ್ಲ, ವೈರಿಗೆ ಉಡ್ಸಾಕ್ ಓಗವ್ರೆ. ಸುಮ್ಕೆ ಬಂದ್ ಕುಂತ್ಕಳಿ. ಮಗಳು ಮುಟ್ಬೇಡಿ ಅಂದವ್ಳೆ."

"ನಾನು ಬರೆದಿಟ್ಟುಕೊಂಡಿದ್ದೇನೆ," ಎಂದೆ.

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನಾನು ಬರೆದಿಟ್ಟುಕೊಂಡ ವಿಷಯಗಳು ಏನಾದವೆಂದು ರತ್ನಮ್ಮನಿಗೆ ನೆನಪಿರಬೇಕು. ಕುರ್ಚಿಗಳನ್ನು ವೇದಿಕೆಯಿಂದ ಇನ್ನೊಂದು ಸಾಲು ಹಿಂದಕ್ಕೆ ಎಳೆದಳು.

ವೈರುಗಳನ್ನು ಬಣ್ಣದ ಪ್ರಕಾರ ಬಾಚಿದೆ. ಸಡಿಲವಾಗಿ ಉಳಿದದ್ದನ್ನೆಲ್ಲ ಎಳೆದು ಬಿಗಿ ಮಾಡಿದೆ. ಮೂರು ಬೆರಳಿಗೊಂದು ಗಂಟು. ಪುಸ್ತಕ ನೋಡಿ ಒಂದೊಂದನ್ನೂ ಅದರದರ ತೂತಿಗೆ ಚುಚ್ಚಿದೆ. ಎರಡು ಸಲ ತಾಳೆ ನೋಡಿದೆ. ತಪ್ಪು ಒಂದೂ ಇರಲಿಲ್ಲ. ಇವತ್ತಿಗೂ ಆ ಪುಸ್ತಕ ನನ್ನ ಹತ್ತಿರವಿದೆ, ಯಾರು ಬೇಕಾದರೂ ಬಂದು ನೋಡಬಹುದು. ಇದುವರೆಗೆ ಯಾರೂ ಬಂದಿಲ್ಲ.

ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಜಡೆ ಅಂದರೆ ಜಡೆ. ಆದರೆ ಈಗ ವೈರುಗಳು ಇಷ್ಟು ಲಕ್ಷಣವಾಗಿ ಕಂಡಮೇಲೆ ನಾಬುಗಳು ಕಣ್ಣಿಗೆ ಚುಚ್ಚಿದವು. ಪ್ರತಿ ನಾಬಿನ ಮೇಲೂ ಒಂದು ಬಿಳಿ ಗೆರೆ. ಒಂದು ಗೆರೆ ಮೇಲಕ್ಕೆ, ಒಂದು ಎಡಕ್ಕೆ, ಒಂದು ಅರ್ಧಂಬರ್ಧ. ಮೇಷ್ಟ್ರಿಲ್ಲದ ತರಗತಿಯಲ್ಲಿ ಮಕ್ಕಳು ಕೂತ ಹಾಗೆ. ಜೊತೆಗೆ ದೂಳು. ಒದ್ದೆ ಬಟ್ಟೆಯಿಂದ ಒಂದೊಂದನ್ನೂ ಒರೆಸಿ, ಎಲ್ಲ ಗೆರೆಗಳನ್ನೂ ನೆಟ್ಟಗೆ ಮೇಲಕ್ಕೆ ನಿಲ್ಲಿಸಿದೆ. ಎಪ್ಪತ್ತೊಂದು ನಾಬು.

ನಾಬುಗಳನ್ನು ನಾನು ಬರೆದುಕೊಂಡಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ನಾಬು ಇರಲಿಲ್ಲ.

ನೇತ್ರಾ ಮೈಕಿನವನ ಜೊತೆ ಓಡಿ ಬಂದಾಗ ನಾಲ್ಕು ಐವತ್ತೇಳು. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಂತೋಣಿ ಮೇಷ್ಟ್ರು. ಅವರ ಪಕ್ಕದಲ್ಲಿ ಗುಜರಿ ಶೇಖರ, ತೊಡೆಯ ಮೇಲೆ ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ. ಎರಡನೆಯ ಸಾಲಿನಲ್ಲಿ ರತ್ನಮ್ಮನ ಅಕ್ಕ ಮುನಿಯಮ್ಮ. ಆಕೆ ಬೂದಿಕೋಟೆಯಿಂದ ತನ್ನ ಭಜನೆ ಮಂಡಳಿಯ ಎಂಟು ಹೆಂಗಸರನ್ನು ಬಸ್ಸಿನಲ್ಲಿ ಕರೆತಂದಿದ್ದಳು, ಜನ ಕಡಿಮೆಯಾಗದಿರಲಿ ಎಂದು.

ನೇತ್ರಾ ಯಂತ್ರವನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಯಂತ್ರವನ್ನು ನೋಡಿದಳು.

"ಅಪ್ಪ. ನಾಬು ಯಾರ್ ಮುಟ್ಟಿದ್ದು?"

"ವೈರು ನಲವತ್ತೆರಡೂ ಸರಿಯಾಗಿವೆ ಅಮ್ಮಣ್ಣಿ. ಬೇಕಿದ್ರೆ ಪುಸ್ತಕ ನೋಡು."

"ವೈರಲ್ಲ ಅಪ್ಪ. ನಾಬು. ಈ ಮಿಷಿನ್‌ಗೆ ನೆನಪಿಲ್ಲ. ನಾಬು ಎಲ್ಲಿತ್ತೋ ಅದೇ ಹಾಡು. ಮೂರು ವಾರ ಒಂದೊಂದು ಕೂದ್ಲೆಳೆ ತಿರುಗ್ಸಿ ತಿರುಗ್ಸಿ ಇಟ್ಟಿದ್ದೆ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು. ಒಂದು ವೈರು ಕಿತ್ತು ಬೇರೆ ಕಡೆ ಚುಚ್ಚಿ ನೋಡೋಣವೆಂದು ಎಳೆದಳು. ಜಡೆ ಪೂರ್ತಿ ಬಂತು, ಅದರ ಜೊತೆ ಪೆಟ್ಟಿಗೆಯೂ ಎರಡು ಅಂಗುಲ ಮುಂದೆ ಬಂತು. ಗಂಟು ಬಿಚ್ಚಲು ನೋಡಿದಳು. ಮೂವತ್ತೊಂದು ವರ್ಷದಲ್ಲಿ ನನ್ನ ಗಂಟು ಬಿಚ್ಚಲು ಯಾರಿಗೂ ಆಗಿಲ್ಲ.

"ಟೈಂ ಆಯ್ತಮ್ಮಾ," ಎಂದರು ಅಂತೋಣಿ ಮೇಷ್ಟ್ರು. ಶೇಖರ ತಕ್ಕಡಿಯ ಕೊಕ್ಕೆಯನ್ನು ಅಂಗಿಯ ತುದಿಯಿಂದ ಒರೆಸಿದ.

ನೇತ್ರಾ ಸ್ವಿಚ್ ಹಾಕಿದಳು.

ಕೂಂ...

ಏರಿಳಿತವಿಲ್ಲ, ಕೊನೆಯಿಲ್ಲ. ಮೈಕಿನವನ ನಾಲ್ಕೂ ಸ್ಪೀಕರಿನಿಂದ ಒಂದೇ ಸಮನೆ, ಕೂಂ... ನಾನು ಪರದೆಯನ್ನು ಹಿಡಿದುಕೊಂಡೆ. ಆ ಸದ್ದನ್ನು ನಾನು ಬಲ್ಲೆ. ಮೂವತ್ತೊಂದು ವರ್ಷ ಅದನ್ನು ಕೇಳಿದ್ದೇನೆ. ಹಳೆಯ ಕಪ್ಪು ಫೋನಿನ ರಿಸೀವರ್ ಎತ್ತಿದರೆ ಬರುತ್ತಿದ್ದ ಡಯಲ್ ಟೋನು! ಮಗಳ ಸಂಗೀತವನ್ನು ನಾನು ಎಕ್ಸ್‌ಚೇಂಜು ಮಾಡಿಟ್ಟಿದ್ದೆ.

ಎರಡನೆಯ ಸಾಲಿನಿಂದ ಮುನಿಯಮ್ಮನ ದನಿ ಎದ್ದಿತು. "ಲೇ ರತ್ನ, ಯಾರೋ ಫೋನ್ ಎತ್ತಿ ಅಂಗೇ ಬುಟ್ಟವ್ರೆ ನೋಡೇ."

ನೇತ್ರಾ ಗಾಬರಿಯಲ್ಲಿ ಒಂದು ನಾಬು ತಿರುಗಿಸಿದಳು. ಕೂಂ ಎಂಬುದು ತುಂಡು ತುಂಡಾಯಿತು. ಕುಂಯ್, ಕುಂಯ್, ಕುಂಯ್, ಕುಂಯ್.

"ಎಂಗೇಜ್ ಐತೆ," ಎಂದಳು ಮುನಿಯಮ್ಮ. "ಇಟ್ಬುಡು ಮಗಾ, ಆಮ್ಯಾಕೆ ಮಾಡಣ."

ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು. ನಗು ನಿಂತ ಮೇಲೆ ಹಿಂದಿನ ಸಾಲಿನಲ್ಲಿ ಎರಡು ಕುರ್ಚಿ ಸರಿದ ಶಬ್ದ ಕೇಳಿಸಿತು. ಯಾರೋ ಏಳುತ್ತಿದ್ದರು. ನೇತ್ರಾ ಆ ಕಡೆಗೇ ನೋಡುತ್ತಿದ್ದಳು. ನಾನು ನೆಲ ನೋಡುತ್ತಿದ್ದೆ. ನೆಲದ ಹಲಗೆಗಳು ಒಂಬತ್ತು.

ಅಂತೋಣಿ ಮೇಷ್ಟ್ರು ಕೈ ಎತ್ತಿದರು. "ಒಂದ್ ನಿಮಿಷ ಪಾ. ಯಾರೂ ಏಳ್ಬೇಡಿ, ಮಾತಾಡ್ಬೇಡಿ." ಕಿವಿಗೆ ಅಂಗೈ ಹಿಡಿದು ಮೆಟ್ಟಿಲು ಹತ್ತಿ ಬಂದರು. ನೇತ್ರಾ ರಿಪೇರಿ ಮಾಡಿದ್ದ ಹಳೆಯ ಕೀಬೋರ್ಡು ಯಂತ್ರದ ಪಕ್ಕದಲ್ಲೇ ಇತ್ತು. ಒಂದು ಕೀ ಒತ್ತಿದರು, ಅಲ್ಲವೆಂದು ತಲೆಯಾಡಿಸಿದರು. ಪಕ್ಕದ್ದನ್ನು ಒತ್ತಿದರು.

"ಸಿಕ್ತು. ಆದ್ರೆ ಸ್ವಲ್ಪ ಮೇಲ್ಗಡೆ ಇದೆಯಮ್ಮಾ. ನನ್ ತರ ಬಿ.ಪಿ. ಇರ್ಬೇಕು. ಒಂಚೂರು ಇಳ್ಸು."

ನೇತ್ರಾ ಒಂದು ನಾಬನ್ನು ಕೂದಲೆಳೆಯಷ್ಟು ತಿರುಗಿಸಿದಳು. ಕೀಬೋರ್ಡಿನ ಸ್ವರವೂ ಯಂತ್ರದ ಸ್ವರವೂ ಒಂದಾದವು.

"ಇದು ಶ್ರುತಿ ಪಾ," ಎಂದರು ಮೇಷ್ಟ್ರು. "ಆ ಕುಂಯ್ ಕುಂಯ್ ತಾಳ. ಇನ್ನೇನ್ ಬೇಕು?" ಎಂದು ಎರಡೂ ಕೈ ಕೀಗಳ ಮೇಲಿಟ್ಟರು. ಎಷ್ಟೋ ವರ್ಷದಿಂದ ಮುಟ್ಟದ ಕೈಗಳು. ಹಾಡಿನ ಮೊದಲ ಸಾಲು ತಡವರಿಸಿತು, ಎರಡನೆಯದು ಓಡಿತು. ನೇತ್ರಾಳ ಮುಖದಲ್ಲಿ ಬೆಳಕು ಬಂತು. ಒಂದು ನಾಬಿನಿಂದ ಎಂಗೇಜ್ ಟೋನನ್ನು ಅವರ ನಡೆಗೆ ಹೊಂದಿಸಿದಳು. ಇನ್ನೊಂದರಿಂದ ಅದನ್ನು ಮದ್ದಳೆಯಷ್ಟು ದಪ್ಪ ಮಾಡಿದಳು. ಬೂದಿಕೋಟೆಯ ಹೆಂಗಸರು ಚಪ್ಪಾಳೆಯಲ್ಲಿ ಹಿಡಿದರು. ಮುನಿಯಮ್ಮ ರಾಗ ಎತ್ತಿದಳು. ಎದ್ದಿದ್ದವರು ಕುಳಿತರು.

ಆಮೇಲೆ ಮೇಷ್ಟ್ರು, "ಒಳಗಿರೋದನ್ನೂ ತನ್ನಿ!" ಎಂದು ಕೂಗಿದರು. ಆರೂ ಕೀಬೋರ್ಡುಗಳನ್ನು ಗುಜರಿ ಶೇಖರನೇ ಹೊತ್ತು ತಂದ. ಅವುಗಳ ತೂಕ ಸರಿಯಾಗಿ ಅಂದಾಜಿದ್ದವನು ಅವನೊಬ್ಬನೇ. ಮೂರು ಮಾತಾಡಿದವು. ಎರಡು ಕೆಮ್ಮಿದವು. ಒಂದರೊಳಗಿಂದ ಹಲ್ಲಿ ಹೊರಬಂದು ಮೈಕಿನವನ ಕಡೆಗೆ ಹೋಯಿತು. ಬ್ಯಾಂಡಿನ ಕಾಲದ ಇನ್ನಿಬ್ಬರು ಮುದುಕರು ಕೋಲು ಬದಿಗಿಟ್ಟು ಬಂದು ನಿಂತರು. ಆರು ಮುಕ್ಕಾಲಿನವರೆಗೂ ಯಾರೂ ಏಳಲಿಲ್ಲ. ಶೇಖರ ಒಂದು ಬೆರಳಿನಲ್ಲಿ ಒಂದೇ ಕೀಯನ್ನು ತಾಳಕ್ಕೆ ಸರಿಯಾಗಿ ಒತ್ತುತ್ತಲೇ ಇದ್ದ. ತಕ್ಕಡಿ ಕುರ್ಚಿಯ ಮೇಲೆ ಉಳಿದಿತ್ತು.

ಏಳೂ ಕೀಬೋರ್ಡುಗಳು ನೇತ್ರಾಳಿಗೆ ಎಂದು ಅಲ್ಲೇ ತೀರ್ಮಾನವಾಯಿತು. ನನ್ನ ಎದೆ ಉಬ್ಬಿತು. ನಾನು ಮುಂದೆ ಬಂದು, ಈ ಶ್ರುತಿ ದೊರೆಯುವುದಕ್ಕೆ ಕಾರಣ ಯಾರೆಂಬುದನ್ನು ಸಭೆ ಗಮನಿಸಬೇಕೆಂದು ವಿನಯದಿಂದ ಸೂಚಿಸಿದೆ.

ಸಭೆ ಗಮನಿಸಿತು. ಸಂಘದ ನಡಾವಳಿ ಪುಸ್ತಕದಲ್ಲಿ ಅದೇ ಸಂಜೆ ಬರೆದರು: ಪಾಠದ ಕೋಣೆಯಲ್ಲಿ ಶ್ರೀ ಗೋಪಾಲಪ್ಪನವರು ಎಲ್ಲ ಉಪಕರಣಗಳಿಂದ ಆರು ಅಡಿ ದೂರದಲ್ಲಿರತಕ್ಕದ್ದು. ಸೂಚಿಸಿದವರು ಅವರ ಶ್ರೀಮತಿ. ಅನುಮೋದಿಸಿದವರು ಎಲ್ಲರೂ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದಾರೆ. ನಾನು ಟೇಪು ಹಿಡಿದು ಅಳೆದೆ. ಆರು ಅಡಿ ಮೂರು ಅಂಗುಲ ಇದೆ. ಹೇಳಿದೆ. ಹಾಗೇ ಇರಲಿ ಎಂದರು.

ಜಡೆಯನ್ನು ನೇತ್ರಾ ಬಿಚ್ಚಿಲ್ಲ. ಬಿಚ್ಚಲು ಆಗಿಲ್ಲವೆನ್ನುವುದು ಹೆಚ್ಚು ಸರಿ. ಬೇರೆ ವೈರು ತಂದುಕೊಂಡಿದ್ದಾಳೆ. ನಾಬುಗಳ ಹಳೆಯ ಜಾಗ ಅವಳಿಗೆ ಮತ್ತೆ ಸಿಕ್ಕಿಲ್ಲ, ಹೊಸದು ಹುಡುಕುತ್ತಿದ್ದಾಳೆ. ಯಂತ್ರಕ್ಕೆ ನೆನಪಿಲ್ಲ ಎಂದಳಲ್ಲ, ಆ ಗುಣ ಎಲ್ಲರಿಗೂ ಇದ್ದಿದ್ದರೆ ನಾನು ಇದನ್ನು ಬರೆಯಬೇಕಾಗುತ್ತಿರಲಿಲ್ಲ. ಮೇಲೆ ಹೇಳಿದ್ದನ್ನೆಲ್ಲ ನನ್ನೊಂದಿಗೆ ಕಣ್ಣಾರೆ ಕಂಡವರು ಇವರು: ಮಗಳು ನೇತ್ರಾವತಿ, ಅಂತೋಣಿ ಮೇಷ್ಟ್ರು, ಪ್ರತಿ ಭಾನುವಾರ ಈಗ ಎರಡು ಬೆರಳಿನಲ್ಲಿ ಅಭ್ಯಾಸ ಮಾಡುವ ಗುಜರಿ ಶೇಖರ, ನಾನು ಫೋನ್ ಮಾಡಿದಾಗಲೆಲ್ಲ ಹಲೋ ಎನ್ನದೆ "ಕುಂಯ್ ಕುಂಯ್" ಎನ್ನುವ ಮುನಿಯಮ್ಮ, ಅವಳ ಎಂಟು ಹೆಂಗಸರು, ಮತ್ತು ರತ್ನಮ್ಮ. ಎಲ್ಲರೂ ಬದುಕಿದ್ದಾರೆ. ಆರೋಗ್ಯವಾಗಿದ್ದಾರೆ. ನೆನಪಿನ ಶಕ್ತಿಯೂ ಚೆನ್ನಾಗಿದೆ.